ಗುಂಡು ಕಲ್ಲಿನ ಹೊಳಪು, ಖಂಭಾತಿನ ಧೂಳು

ನಿಮ್ಮ ಮನೆಯಲ್ಲಿ ಅಜ್ಜಿಯ ಕಾಲದ ಕೆಂಪಿನ ಓಲೆಯೋ ಅಡ್ಡಿಕೆಯೋ ಇದ್ದರೆ ಒಮ್ಮೆ ಹೊರತೆಗೆದು ಬೆಳಕಿಗೆ ಹಿಡಿದು ನೋಡಿ. ವಜ್ರದ ಹಾಗೆ ಅದು ಕಣ್ಣು ಕುಕ್ಕುವುದಿಲ್ಲ. ಕಲ್ಲಿನ ಮೇಲ್ಭಾಗ ಗುಂಡಗೆ, ನುಣುಪಾಗಿರುತ್ತದೆ. ಬೆಳಕು ಒಳಗಿಳಿದು ಕೆಂಡದ ಹಾಗೆ ಅಲ್ಲೇ ನಿಲ್ಲುತ್ತದೆ. ಹೀಗೆ ಮುಖಗಳನ್ನು ಕೊರೆಯದೆ ಗುಮ್ಮಟದಂತೆ ಸಾಣೆ ಹಿಡಿದ ಕಲ್ಲಿಗೆ ಈಗ ಜಗತ್ತೆಲ್ಲ ಕ್ಯಾಬೊಶಾನ್ ಎನ್ನುತ್ತದೆ. ತಲೆ ಎಂಬರ್ಥದ ಹಳೆಯ ಫ್ರೆಂಚ್ ಮಾತಿನಿಂದ ಬಂದ ಹೆಸರಿದು. ಬೋಳುತಲೆ ಎಂದಿದ್ದರೆ ಇನ್ನೂ ಸರಿಹೋಗುತ್ತಿತ್ತು!

ಅಲೆದಾಡಿ ಒರಟು ಕಲ್ಲು ಆರಿಸಿ ತಂದು, ಮನೆಯಲ್ಲೇ ಅದನ್ನು ಕ್ಯಾಬೊಶಾನ್ ಮಾಡುವುದು ಬಹಳ ಜನರ ಹವ್ಯಾಸ. ಅಮೆರಿಕದಲ್ಲಿ 1930ರ ದಶಕದಿಂದ ಇದು ದೊಡ್ಡ ಗೀಳಾಗಿ ಬೆಳೆಯಿತು. 1947ರಲ್ಲಿ ಇದಕ್ಕೆಂದೇ ಲ್ಯಾಪಿಡರಿ ಜರ್ನಲ್ ಎಂಬ ಪತ್ರಿಕೆ ಹೊರಟಿತು. ಹಾಗೆಂದು ಇದು ಅಲ್ಲಿಂದ ಬಂದ ವಿದ್ಯೆ ಎಂದುಕೊಂಡರೆ ಅದರಷ್ಟು ತಪ್ಪು ಇನ್ನೊಂದಿಲ್ಲ. ಇದರ ಬೇರು ನಮ್ಮ ಕಾಲಡಿಯಲ್ಲೇ ಇದೆ.

ಕಾಲಡಿಯಲ್ಲಿ ಎಂದದ್ದು ಬರಿಯ ಮಾತಿಗಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರಪದರವಾಗಿ ಹರಿದ ಲಾವಾ ಗಟ್ಟಿಯಾಗಿ ದಖ್ಖನಿನ ಕಪ್ಪು ಬಸಾಲ್ಟ್ ಬಂಡೆಯಾಯಿತು. ಮುಂಬಯಿ, ಪುಣೆಗಳಿಂದ ಹಿಡಿದು ನಮ್ಮ ಬೆಳಗಾವಿ, ವಿಜಯಪುರ, ಬೀದರ್‌ವರೆಗೂ ಅದರದೇ ಹಾಸು. ಲಾವಾದೊಳಗಿನ ಅನಿಲದ ಗುಳ್ಳೆಗಳು ಟೊಳ್ಳಾಗಿ ಉಳಿದವು. ಸಿಲಿಕಾ ಕರಗಿದ ನೀರು ಆ ಟೊಳ್ಳುಗಳೊಳಗೆ ಜಿನುಗಿ, ಪಟ್ಟೆಪಟ್ಟೆಯಾಗಿ ಹೆಪ್ಪುಗಟ್ಟಿತು. ಅದೇ ಅಗೇಟ್, ಗುಜರಾತಿಯಲ್ಲಿ ಅಕೀಕ್. ಬಂಡೆ ಸವೆದು ಪುಡಿಯಾದರೂ ಗಟ್ಟಿಯಾದ ಅಗೇಟ್ ಉಳಿದು, ಹೊಳೆಯ ಜಲ್ಲಿಯಲ್ಲಿ ಸೇರಿಕೊಳ್ಳುತ್ತದೆ. ಹೈದರಾಬಾದಿನವರಿಗೆ ಊರೊಳಗೆ ಸಿಗುವುದು ಗ್ರಾನೈಟ್. ಪಶ್ಚಿಮಕ್ಕೆ ಬೀದರಿನ ದಾರಿ ಹಿಡಿದರೆ ಕಪ್ಪು ಬಂಡೆ ಎದುರಾಗುತ್ತದೆ.

ಈ ಕಲ್ಲಿನ ಮೇಲೆ ಕೈಯಾಡಿಸಿದವರಲ್ಲಿ ಹರಪ್ಪ ಸಂಸ್ಕೃತಿಯ ಕುಶಲಕರ್ಮಿಗಳು ದೊಡ್ಡವರು. ಕೆಂಪು ಅಗೇಟ್, ಅಂದರೆ ಕಾರ್ನೀಲಿಯನ್ನಿನಲ್ಲಿ ಅವರು ಮಾಡಿದ ಉದ್ದನೆಯ ಮಣಿಗಳು ಇಂದಿನ ಇರಾಕಿನಲ್ಲಿರುವ ಊರ್ ನಗರದ ರಾಜಸಮಾಧಿಗಳಲ್ಲಿ ಸಿಕ್ಕಿವೆ. ಅವು ನಾಲ್ಕೂವರೆ ಸಾವಿರ ವರ್ಷ ಹಳೆಯವು. ಹರಪ್ಪದವರು ಬಳಸುತ್ತಿದ್ದಂಥ ಕಲ್ಲಿನ ಭೈರಿಗೆಯಿಂದ ಈಗ ಪ್ರಯೋಗ ಮಾಡಿ ನೋಡಿದಾಗ, ಒಂದು ಗಂಟೆಗೆ ಸುಮಾರು ಎರಡೂವರೆ ಮಿಲಿಮೀಟರ್ ಆಳ ಮಾತ್ರ ತೂತು ಬಿತ್ತಂತೆ. ಅವರ ತಾಳ್ಮೆಗೆ ಏನೆನ್ನಬೇಕು! ಮೊಹೆಂಜೊದಾರೊದಲ್ಲಿ ಸಿಕ್ಕ ಇಂಥ ಮಣಿಗಳ ಒಂದು ಡಾಬಿಗೆ ಇನ್ನೊಂದು ಕಥೆಯಿದೆ. 1947ರ ದೇಶವಿಭಜನೆಯ ನಂತರ ವಸ್ತುಸಂಗ್ರಹಗಳನ್ನೂ ಹಂಚಿಕೊಂಡಾಗ, ಆ ಡಾಬನ್ನೇ ಎರಡು ಪಾಲು ಮಾಡಿ ಅರ್ಧ ಭಾರತಕ್ಕೆ, ಅರ್ಧ ಪಾಕಿಸ್ತಾನಕ್ಕೆ ಕೊಟ್ಟರು.

ಕ್ರಿಸ್ತಶಕದ ಆರಂಭದ ಹೊತ್ತಿಗೆ ದಖ್ಖನಿನ ಕಲ್ಲು ರೋಮ್‌ವರೆಗೂ ಹೋಗುತ್ತಿತ್ತು. ಒಂದನೆಯ ಶತಮಾನದ ಗ್ರೀಕ್ ನಾವಿಕಗ್ರಂಥ ಪೆರಿಪ್ಲಸ್, ಪೈಠಣದಿಂದ ಭರೂಚ್ ಬಂದರಿಗೆ ಗಾಡಿಗಳಲ್ಲಿ ಬರುತ್ತಿದ್ದ ಪಟ್ಟೆಕಲ್ಲುಗಳನ್ನು ಹೆಸರಿಸುತ್ತದೆ. ದಕ್ಷಿಣವೂ ಹಿಂದೆ ಬಿದ್ದಿರಲಿಲ್ಲ. ತಮಿಳುನಾಡಿನ ನೊಯ್ಯಲ್ ನದಿಯ ದಂಡೆಯ ಕೊಡುಮಣಲ್‌ನಲ್ಲಿ ಮಣಿ ತಯಾರಿಕೆಯ ಕುರುಹುಗಳು ಹೇರಳವಾಗಿ ಸಿಕ್ಕಿವೆ. ಎರಡನೆಯ ಶತಮಾನದ ಭೂಗೋಳಜ್ಞ ಟಾಲೆಮಿ, ಬೆರಿಲ್ ರತ್ನ ಸಿಗುವ ಪೌನ್ನಾಟ ಎಂಬ ಸ್ಥಳವನ್ನು ಹೇಳುತ್ತಾನೆ. ಅದು ಕಬಿನಿ ತೀರದ ನಮ್ಮ ಪುನ್ನಾಟವೇ ಎಂದು ಹಲವು ವಿದ್ವಾಂಸರ ಅಭಿಪ್ರಾಯ. ಅಶೋಕನ ಹೆಸರಿರುವ ಶಾಸನದಿಂದ ಪ್ರಸಿದ್ಧವಾದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1954ರಲ್ಲಿ ನಡೆದ ಉತ್ಖನನದಲ್ಲೂ ಅಗೇಟ್, ಕಾರ್ನೀಲಿಯನ್ ಮಣಿಗಳು ಬಂದವು. (ಇಂಥ ನೆಲೆಗಳಲ್ಲಿ ಕಲ್ಲು ಆರಿಸುವಂತಿಲ್ಲ, ಕಾನೂನು ಹಾಗಿದೆ, ಇರಬೇಕಾದದ್ದೂ ಹಾಗೆಯೇ.)

ಕಸುಬು ಎಡೆಬಿಡದೆ ಉಳಿದು ಬಂದದ್ದು ಗುಜರಾತಿನ ಖಂಭಾತಿನಲ್ಲಿ. ಕಲ್ಲು ಬರುವುದು ನರ್ಮದೆಯ ತಗ್ಗಿನ ರತನ್‌ಪುರದ ಗಣಿಗಳಿಂದ. ಅಲ್ಲೇ ಬಾವಾ ಗೋರ್ ಎಂಬ ಸಂತರ ದರ್ಗಾ ಇದೆ. ಆಫ್ರಿಕಾ ಮೂಲದ ಸಿದ್ದಿಗಳು, ಅಂದರೆ ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಯರ ದೂರದ ಬಂಧುಗಳು, ಅವರನ್ನು ಆರಾಧಿಸುತ್ತಾರೆ. ಅಕೀಕ್ ವ್ಯಾಪಾರಕ್ಕೂ ಅವರೇ ರಕ್ಷಕರೆಂಬ ನಂಬಿಕೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಬರಹಗಾರ ಬಾರ್ಬೋಸಾ ಈ ಕಲ್ಲನ್ನೇ 'ಬಾಬಾಗೋರೆ' ಎಂದು ಕರೆದಿದ್ದಾನೆ.

ಕೆಲಸದ ರೀತಿ ನೋಡಿ. ಕಲ್ಲನ್ನು ಮೊದಲು ಬಿಸಿಲಿಗೆ ಒಣಗಿಸುತ್ತಾರೆ. ಆಮೇಲೆ ಮಡಕೆಗಳಲ್ಲಿಟ್ಟು ಆಡಿನ ಹಿಕ್ಕೆಯ ಮಂದವಾದ ಬೆಂಕಿಯಲ್ಲಿ ಸುಡುತ್ತಾರೆ. ಕಲ್ಲಿನೊಳಗಿನ ಕಬ್ಬಿಣದ ಅಂಶ ಬದಲಾಗಿ ಮಾಸಲು ಹಳದಿ ಕೆಂಪಾಗುತ್ತದೆ. ನೆಲದಲ್ಲಿ ನೆಟ್ಟ ಚೂಪಾದ ಕಬ್ಬಿಣದ ಗೂಟಕ್ಕೆ ಕಲ್ಲನ್ನು ಆನಿಸಿ, ಎಮ್ಮೆಕೊಂಬಿನ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಗೂಟ ತಾಕಿದ ಕಡೆ ಚಕ್ಕೆ ಏಳುತ್ತದೆ. ಹರಪ್ಪದ ಮಣಿಗಳನ್ನು ಅರ್ಥಮಾಡಿಕೊಳ್ಳಲು ಕೆನೊಯರ್, ವಿದಾಲೆ, ಕುಲದೀಪ್ ಭಾನ್ ಮೊದಲಾದ ಪುರಾತತ್ತ್ವಜ್ಞರು ಈ ಕಸುಬುದಾರರ ಬಳಿಯೇ ಹೋಗಿ ಕೂತು ಕಲಿತರು. ಹೊಳಪು ಕೊಡಲು ಹಿಂದೆ ಮಣಿಗಳನ್ನು ಕುರುಂದದ ಪುಡಿಯೊಂದಿಗೆ ಚರ್ಮದ ಚೀಲದಲ್ಲಿ ತುಂಬಿ, ಇಬ್ಬರು ಎದುರುಬದುರು ಕೂತು ದಿನಗಟ್ಟಲೆ ಅತ್ತಿಂದಿತ್ತ ಉರುಳಿಸುತ್ತಿದ್ದರು. ಹವ್ಯಾಸಿಗಳು ಇಂದು ಕೊಳ್ಳುವ, ಮೋಟಾರಿನಿಂದ ಗಡಗಡ ತಿರುಗುವ ಟಂಬ್ಲರ್ ಪೀಪಾಯಿ ಮಾಡುವುದೂ ಇದನ್ನೇ. ಹೆಸರಿನಲ್ಲೂ ನಂಟಿದೆ. ಕುರುವಿಂದ ಎಂಬ ನಮ್ಮ ನಾಡಿನ ಮಾತೇ ಕೊರಂಡಂ ಆಯಿತು. 1890ರ ದಶಕದಲ್ಲಿ ಅಮೆರಿಕದ ಅಚೆಸನ್ ಕೃತಕ ಸಾಣೆಪುಡಿ ಕಂಡುಹಿಡಿದು, ಆ ಹೆಸರಿಗೆ ಕಾರ್ಬನ್ ಸೇರಿಸಿ ಕಾರ್ಬೊರಂಡಂ ಎಂದ. ನಮ್ಮ ಪದ ಹೊಸ ಅಂಗಿ ತೊಟ್ಟು ಹಾರ್ಡ್‌ವೇರ್ ಅಂಗಡಿಗೆ ಮರಳಿ ಬಂತು.

ವಿದ್ಯುತ್ ಸಾಣೆಚಕ್ರ ಬಂದ ಮೇಲೆ ಖಂಭಾತಿನಲ್ಲಿ ಕೆಲಸದ ವೇಗ ಹೆಚ್ಚಿತು, ಧೂಳೂ ಹೆಚ್ಚಿತು. ಅಗೇಟ್ ಎಂದರೆ ಸಿಲಿಕಾ. ಒಣಸಾಣೆಯಲ್ಲಿ ಏಳುವ ಅದರ ಕಣ್ಣಿಗೆ ಕಾಣದ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಗಾಯ ಮಾಡುತ್ತವೆ. ಆ ರೋಗ ಸಿಲಿಕೋಸಿಸ್. ಅದನ್ನು ವಾಸಿಮಾಡುವ ಔಷಧಿಯಿಲ್ಲ. ಕ್ಷಯ ತಗಲುವ ಅಪಾಯವನ್ನೂ ಅದು ಹೆಚ್ಚಿಸುತ್ತದೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಪ್ರಕಟಿಸಿದ ಅಧ್ಯಯನಗಳು ಖಂಭಾತಿನ ಸಾಣೆಗಾರರಲ್ಲಿ ಈ ರೋಗವನ್ನು ದಾಖಲಿಸಿವೆ. ಮನೆಯಂಗಳದಲ್ಲೇ ಚಕ್ರ ತಿರುಗುವುದರಿಂದ ಸಾಣೆ ಮುಟ್ಟದ ಹೆಂಗಸರು, ಮಕ್ಕಳು, ನೆರೆಯವರೂ ಅದೇ ಗಾಳಿ ಉಸಿರಾಡಬೇಕು. ಧೂಳು ಎಳೆದುಕೊಳ್ಳುವ ಯಂತ್ರಗಳನ್ನು ರೂಪಿಸಿದ್ದೂ ಉಂಟು. ಆದರೆ ತುಂಡಿನ ಲೆಕ್ಕದಲ್ಲಿ ಕೂಲಿ ಪಡೆಯುವವನು ಯಂತ್ರಕ್ಕೆ ಎಲ್ಲಿಂದ ದುಡ್ಡು ತರಬೇಕು? ನಾವು ಚೌಕಾಸಿ ಮಾಡಿ ಕೊಳ್ಳುವ ಅಗ್ಗದ ಉಂಗುರಗಲ್ಲಿನ ಬೆಲೆಯಲ್ಲಿ ಈ ಲೆಕ್ಕ ಸೇರಿಲ್ಲ.

ಹವ್ಯಾಸಿಗೆ ಆ ಅವಸರವಿಲ್ಲ, ಅದೇ ಅವನ ಭಾಗ್ಯ. ಕಲ್ಲನ್ನು ಅರಗಿನಿಂದ ಕಡ್ಡಿಯ ತುದಿಗೆ ಅಂಟಿಸಿಕೊಂಡು, ಮೊದಲು ದರಗು ಪುಡಿಯಲ್ಲಿ, ಆಮೇಲೆ ಹಂತಹಂತವಾಗಿ ನಯವಾದದ್ದರಲ್ಲಿ ತಿಕ್ಕಿ, ಕೊನೆಗೆ ಸೀರಿಯಂ ಆಕ್ಸೈಡ್ ಹಚ್ಚಿದ ಫೆಲ್ಟ್ ಬಟ್ಟೆಯಲ್ಲಿ ಹೊಳಪು ತರುತ್ತಾನೆ. ನಮ್ಮ ಮೈಸೂರು ಸೀಮೆಯ ನಕ್ಷತ್ರ ಕೆಂಪು ಸಿಕ್ಕಿದರಂತೂ ಹಬ್ಬ. ಒಳಗಿನ ಸೂಜಿಯಂಥ ಎಳೆಗಳ ಮೇಲೆ ಬೆಳಕು ಬಿದ್ದು ಆರು ಕಿರಣದ ನಕ್ಷತ್ರ ಮೂಡುವುದು ಗುಮ್ಮಟದಾಕಾರದಲ್ಲಿ ಮಾತ್ರ. ಮುಖ ಕೊರೆದರೆ ಅದು ಮಾಯ.

ಕೈ ಹಚ್ಚುವ ಮನಸ್ಸಾದರೆ ಒಂದು ಮಾತು: ಚಕ್ರಕ್ಕೆ ಸದಾ ನೀರು ತೊಟ್ಟಿಕ್ಕುತ್ತಿರಲಿ, ಮೂಗಿಗೆ ಧೂಳು ತಡೆಯುವ ಒಳ್ಳೆಯ ಮಾಸ್ಕ್ ಇರಲಿ. ಕೆಸರು ಒಣಗಿ ಮತ್ತೆ ಧೂಳಾಗುವ ಮೊದಲೇ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಅಡುಗೆಮನೆಯ ಸಿಂಕಿಗೆ ಮಾತ್ರ ಸುರಿಯಬೇಡಿ. ಕೊಳವೆಯಲ್ಲಿ ಅದು ಸಿಮೆಂಟಿನಂತೆ ಕಟ್ಟಿಕೊಳ್ಳುತ್ತದೆ.