ಸಲಹೆಗೂ ವಕೀಲರಿಗೂ ಒಂದೇ ಹೆಸರು

ಇಂಗ್ಲಿಷಿನಲ್ಲಿ ‘ಕೌನ್ಸೆಲ್’ ಎಂಬ ಒಂದು ಪದವಿದೆ. ಸಮಾಜ ವಿಜ್ಞಾನದ ಜೊತೆಗೆ ಇಂಗ್ಲಿಷನ್ನೂ ಕಲಿಸಬೇಕಾಗಿ ಬರುವ ನನ್ನಂಥ ಮೇಷ್ಟ್ರಮ್ಮಂದಿರಿಗೆ ಇದು ವರ್ಷಕ್ಕೊಮ್ಮೆಯಾದರೂ ಎದುರಾಗುತ್ತದೆ. ಮಕ್ಕಳು ಇದನ್ನೂ ‘ಕೌನ್ಸಿಲ್’ ಎಂಬುದನ್ನೂ ಅದಲು ಬದಲು ಮಾಡುತ್ತಾರೆ. ಮಕ್ಕಳ ತಪ್ಪೇನೂ ಅಲ್ಲ. ಎರಡರ ಉಚ್ಚಾರಣೆಯೂ ಹೆಚ್ಚುಕಡಿಮೆ ಒಂದೇ. ಇಂಗ್ಲಿಷರೇ ಕೆಲವು ಶತಮಾನ ಇವೆರಡನ್ನೂ ಕಲಸಿಕೊಂಡು ಬರೆದವರು. ಮೂಲದಲ್ಲಿ ಲ್ಯಾಟಿನ್ನಿನ ಎರಡು ಬೇರೆ ಬೇರೆ ಪದಗಳು. ‘ಕಾನ್ಸಿಲಿಯಮ್’ ಎಂದರೆ ಆಲೋಚನೆ, ಸಲಹೆ. ‘ಕಾನ್ಕಿಲಿಯಮ್’ ಎಂದರೆ ಸಭೆ. ಮೊದಲನೆಯದರಿಂದ ಕೌನ್ಸೆಲ್, ಎರಡನೆಯದರಿಂದ ಕೌನ್ಸಿಲ್. ನಮ್ಮ ವಿಧಾನ ಪರಿಷತ್ತು ಕೌನ್ಸಿಲ್. ಅಲ್ಲಿ ಕೂತು ಒಬ್ಬರಿಗೊಬ್ಬರು ಹೇಳುವ ಒಳ್ಳೆಯ ಮಾತು, ಹೇಳಿದರೆ, ಕೌನ್ಸೆಲ್. ಹೀಗೆ ಹೇಳಿಕೊಟ್ಟರೆ ಮಕ್ಕಳು ನಕ್ಕು ನೆನಪಿಟ್ಟುಕೊಳ್ಳುತ್ತಾರೆ.

ಆದರೆ ತೊಡಕು ಅಲ್ಲಿಗೇ ಮುಗಿಯುವುದಿಲ್ಲ. ಕೌನ್ಸೆಲ್ ಎಂದರೆ ಸಲಹೆ ಎಂದು ಬರೆಸಿದ ಮೇಲೆ, ಪತ್ರಿಕೆಯಲ್ಲಿ ‘ಸರ್ಕಾರದ ಪರ ಕೌನ್ಸೆಲ್ ವಾದಿಸಿದರು’ ಎಂದು ಓದಿದ ಹುಡುಗಿ ಕೈ ಎತ್ತುತ್ತಾಳೆ. “ಮಿಸ್, ಸಲಹೆ ಹೆಂಗೆ ವಾದ ಮಾಡುತ್ತೆ?” ಕೋರ್ಟಿನಲ್ಲಿ ಕೌನ್ಸೆಲ್ ಎಂದರೆ ವಕೀಲರು. ಅಲ್ಲಿ ಅದಕ್ಕೆ ಬಹುವಚನದ ಬಾಲವೂ ಇಲ್ಲ. ಒಬ್ಬರಿದ್ದರೂ ಕೌನ್ಸೆಲ್, ನಾಲ್ವರಿದ್ದರೂ ಕೌನ್ಸೆಲ್. ಸಲಹೆ ಕೊಡುವ ಮನುಷ್ಯನಿಗೆ ಸಲಹೆಯ ಹೆಸರೇ ಅಂಟಿಕೊಂಡಿದೆ. ನಾವೂ ‘ಆ ಮನೆಗೆ ದೊಡ್ಡ ತಲೆ ಅಂದರೆ ಅಜ್ಜಿಯೇ’ ಎನ್ನುವುದಿಲ್ಲವೇ, ಹಾಗೆ. ಇನ್ನೂ ಒಂದು ಅರ್ಥವಿದೆ. ತನ್ನ ಕೌನ್ಸೆಲ್ ತಾನೇ ಇಟ್ಟುಕೊಂಡ ಎಂದರೆ, ಮನಸ್ಸಿನಲ್ಲಿದ್ದುದನ್ನು ಯಾರಿಗೂ ಬಾಯಿ ಬಿಡಲಿಲ್ಲ ಎಂದು. ಸಲಹೆ, ವಕೀಲ, ಗುಟ್ಟು, ಮೂರೂ ಒಂದೇ ಪದದೊಳಗಿವೆ.

ನಮ್ಮ ಕನ್ನಡ ಈ ಕೆಲಸಕ್ಕೆ ಬೇರೆ ಬೇರೆ ಪದಗಳನ್ನು ಇಟ್ಟುಕೊಂಡಿದೆ. ವಕೀಲ ಎಂಬುದು ಅರಬ್ಬಿಯಿಂದ ಪಾರಸಿಯ ಮೂಲಕ ಬಂದದ್ದು. ನಮ್ಮ ಕೆಲಸವನ್ನು ನಂಬಿ ವಹಿಸಿಕೊಟ್ಟವನು, ನಮ್ಮ ಪ್ರತಿನಿಧಿ ಎಂದು ಅದರ ಅರ್ಥ. ‘ಸಲಹೆ’ ಎಂಬುದರ ಬೇರೂ ಅರಬ್ಬಿಯದೇ. ನ್ಯಾಯವಾದಿ ಎಂಬುದು ಸಂಸ್ಕೃತದಿಂದ ಕಟ್ಟಿದ್ದು. ಗಮನಿಸಿ: ನ್ಯಾಯವಾದಿ ಎಂಬ ಪದ ನ್ಯಾಯಾಧೀಶರ ಮುಂದೆ ಅವನಾಡುವ ಮಾತನ್ನು ನೋಡುತ್ತದೆ, ವಕೀಲ ಎಂಬುದು ನಾವು ಅವನ ಮೇಲಿಟ್ಟ ನಂಬಿಕೆಯನ್ನು ನೋಡುತ್ತದೆ, ಕೌನ್ಸೆಲ್ ಎಂಬುದು ಕೋರ್ಟಿನ ಮೆಟ್ಟಿಲು ಹತ್ತುವ ಮೊದಲು ಅವನು ನಮಗೆ ಹೇಳುವ ಹಿತವನ್ನು ನೋಡುತ್ತದೆ. ‘ಅವನ ಪರ ವಕಾಲತ್ತು ವಹಿಸಿಕೊಂಡು ಬರಬೇಡ’ ಎಂದು ಮನೆಯಲ್ಲಿ ಗದರಿಸುವಾಗ ನಾವು ಕಾನೂನು ಓದದವರನ್ನೂ ವಕೀಲರನ್ನಾಗಿ ಮಾಡಿರುತ್ತೇವೆ.

ಈಚೆಗೆ ಕೌನ್ಸೆಲಿಂಗ್ ಎಂಬುದು ಮನೆಮನೆಯ ಪದವಾಗಿದೆ. ಸಿಇಟಿ ಕೌನ್ಸೆಲಿಂಗ್ ಎಂದು ಮಕ್ಕಳ ಹಿಂದೆ ಓಡಾಡಿದ ತಾಯಂದಿರಿಗೆಲ್ಲ ಅದು ಗೊತ್ತು. ಶಿಕ್ಷಕರ ವರ್ಗಾವಣೆಗೂ ಕೌನ್ಸೆಲಿಂಗ್ ನಡೆಯುತ್ತದೆ. ಅಲ್ಲಿ ಸಲಹೆ ಕೊಡುವವರು ಯಾರೂ ಇರುವುದಿಲ್ಲ. ಖಾಲಿ ಇರುವ ಊರುಗಳ ಪಟ್ಟಿ ಇರುತ್ತದೆ, ‘ಬೇಗ ಹೇಳಿ ಮೇಡಂ’ ಎನ್ನುವ ಅವಸರ ಇರುತ್ತದೆ.

ಇಷ್ಟು ಹೇಳಿ ನಾನು ಬ್ರಹ್ಮಗಿರಿಗೆ ಬರಬೇಕು. ಸಲಹೆ ಎಂಬುದರ ಇತಿಹಾಸ ಹುಡುಕುವವರು ಲ್ಯಾಟಿನ್ನಿನವರೆಗೆ ಹೋಗಬೇಕಾಗಿಲ್ಲ. ಅದು ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬಂಡೆಯ ಮೇಲೇ ಇದೆ. 1892ರಲ್ಲಿ ಬಿ.ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರೂ ಕಡೆ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. ಹಳ್ಳಿಯವರ ಬಾಯಲ್ಲಿ ಬ್ರಹ್ಮಗಿರಿಯ ಬಂಡೆ ‘ಅಕ್ಷರಗುಂಡು’. ಓದಲು ಬಾರದಿದ್ದರೂ ಅದು ಅಕ್ಷರವೆಂಬುದನ್ನು ನಮ್ಮ ಜನ ಗುರುತಿಸಿ ಹೆಸರಿಟ್ಟಿದ್ದರು. 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಉತ್ಖನನ ನಡೆಸಿದ ಮೇಲೆ ಬ್ರಹ್ಮಗಿರಿಯ ಹೆಸರು ಪುರಾತತ್ವದ ಪುಸ್ತಕಗಳಲ್ಲೆಲ್ಲ ನಿಂತಿತು. ಆದರೆ ನನಗೆ ಆ ಮಡಕೆ ಚೂರುಗಳಿಗಿಂತ ಬಂಡೆಯ ಮಾತೇ ಹೆಚ್ಚು ಆಪ್ತ.

ಆ ಶಾಸನ ಒಂದು ಕಾಗದದ ಹಾಗೆ ಶುರುವಾಗುತ್ತದೆ. ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಹೇಳಿಕಳುಹಿಸಿದ್ದು. ಮೊದಲು ಅವರ ಆರೋಗ್ಯ ವಿಚಾರಿಸಿ, ಆಮೇಲೆ ದೊರೆಯ ಮಾತು. ‘ಇಲ್ಲಿ ನಾವೆಲ್ಲ ಕ್ಷೇಮ, ಅಲ್ಲಿ ನಿಮ್ಮ ಕ್ಷೇಮಕ್ಕೆ ಬರೆಯಿರಿ’ ಎಂದು ನಮ್ಮ ಅಮ್ಮಂದಿರು ಬರೆಯುತ್ತಿದ್ದ ಇನ್‌ಲ್ಯಾಂಡ್ ಪತ್ರಗಳ ನೆನಪಾಗುತ್ತದೆ. ಮಾತು ಇಷ್ಟು: ಪ್ರಯತ್ನಪಟ್ಟರೆ ಫಲವಿದೆ, ಅದು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವರಿಗೂ ಸಿಗುವಂಥದು. ತಾಯಿ ತಂದೆಯರ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು, ನೆಂಟರಿಷ್ಟರೊಡನೆ ತಕ್ಕಂತೆ ನಡೆಯಬೇಕು. ಇದು ಹಿಂದಿನಿಂದ ಬಂದ ಕ್ರಮ ಎನ್ನುತ್ತದೆ ಶಾಸನ. ಕೊನೆಯಲ್ಲಿ ಬರೆದ ಚಪಡನ ಹೆಸರಿದೆ. ಉಳಿದದ್ದೆಲ್ಲ ಬ್ರಾಹ್ಮಿಯಲ್ಲಿದ್ದರೆ, ತಾನು ಲಿಪಿಕಾರನೆಂಬುದನ್ನು ಮಾತ್ರ ಅವನು ವಾಯವ್ಯ ದೇಶದ ಖರೋಷ್ಠಿಯಲ್ಲಿ ಬರೆದುಕೊಂಡಿದ್ದಾನೆ.

ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನ ಈ ಬಂಡೆಯಲ್ಲಿ ಆಜ್ಞೆಯೂ ಇದೆ, ಬುದ್ಧಿಮಾತೂ ಇದೆ. ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: “ಮಿಸ್, ಮಹಾಮಾತ್ರರು ಅಂದ್ರೆ ಲಾಯರ್ರಾ?” ಅಲ್ಲ, ಅವರು ದೊಡ್ಡ ಅಧಿಕಾರಿಗಳು. ಆದರೆ ಪ್ರಶ್ನೆ ದಡ್ಡ ಪ್ರಶ್ನೆಯಲ್ಲ. ಅಶೋಕನ ಬೇರೆ ಶಾಸನಗಳಲ್ಲಿ ‘ಪರಿಷಾ’ ಎಂಬ ಸಭೆಯ ಮಾತಿದೆ. ನಮ್ಮ ಪರಿಷತ್ತಿನ ಮುತ್ತಜ್ಜಿ ಅದು. ಹೆಂಗಸರ ಮೇಲ್ವಿಚಾರಣೆಗೆಂದೇ ಮಹಾಮಾತ್ರರಿದ್ದರೆಂದು ಹನ್ನೆರಡನೆಯ ಬಂಡೆ ಶಾಸನದಿಂದ ತಿಳಿಯುತ್ತದೆ. ಇನ್ನು ನಾಲ್ಕನೆಯ ಸ್ತಂಭ ಶಾಸನದಲ್ಲಿ, ವಿಚಾರಣೆಯಲ್ಲೂ ಶಿಕ್ಷೆಯಲ್ಲೂ ಎಲ್ಲರಿಗೂ ಒಂದೇ ಸಮನಾದ ಕ್ರಮವಿರಬೇಕೆಂದು ಹೇಳಿ, ಮರಣದಂಡನೆಗೆ ಗುರಿಯಾದವರಿಗೆ ಮೂರು ದಿನದ ಅವಧಿ ಕೊಟ್ಟಿದೆ. ಆ ಮೂರು ದಿನದಲ್ಲಿ ಅವರ ಬಂಧುಗಳು ಅಧಿಕಾರಿಗಳಿಗೆ ಮನವರಿಕೆ ಮಾಡಿ ಜೀವ ಉಳಿಸಿಕೊಳ್ಳಲು ನೋಡಬಹುದಿತ್ತು. ಕರಿಕೋಟಿನ ವಕೀಲರು ಇಲ್ಲದ ಕಾಲದಲ್ಲಿ ತಾಯಿ, ತಂಗಿ, ಅಣ್ಣನೇ ಕೌನ್ಸೆಲ್. ಬಂಧುಗಳಿಲ್ಲದವನ ಗತಿಯೇನು ಎಂದು ಮನಸ್ಸು ಕೇಳುತ್ತದೆ. ಅವನು ಪರಲೋಕಕ್ಕಾಗಿ ದಾನ, ಉಪವಾಸ ಮಾಡಿಕೊಳ್ಳಬೇಕಿತ್ತು, ಅಷ್ಟೆ.

ಆ ಬಂಧುವಿಲ್ಲದವನಿಗೂ ಒಬ್ಬ ವಕೀಲ ಸಿಗಬೇಕೆನ್ನಲು ನಮಗೆ ಬಹಳ ಕಾಲ ಹಿಡಿಯಿತು. ಹೆಂಗಸರು ವಕೀಲರಾಗುವುದಕ್ಕೇ ಅಡ್ಡಿಯಿತ್ತು. 1916ರಲ್ಲಿ ಕಲ್ಕತ್ತಾದಲ್ಲಿ ರೆಜಿನಾ ಗುಹಾ ಅವರಿಗೂ, 1921ರಲ್ಲಿ ಪಟ್ನಾದಲ್ಲಿ ಸುಧಾಂಶುಬಾಲಾ ಹಜ್ರಾ ಅವರಿಗೂ ಹೆಂಗಸೆಂಬ ಕಾರಣಕ್ಕೆ ಹೈಕೋರ್ಟುಗಳು ಬಾಗಿಲು ಹಾಕಿದವು. 1921ರಲ್ಲೇ ಅಲಹಾಬಾದ್ ಹೈಕೋರ್ಟು ಕಾರ್ನೀಲಿಯಾ ಸೊರಾಬ್ಜಿ ಅವರನ್ನು ಸೇರಿಸಿಕೊಂಡಿತು. 1923ರ ಕಾಯ್ದೆಯಿಂದ ಅಡ್ಡಿ ಹೋಯಿತು. ಸಂವಿಧಾನದ 22ನೇ ವಿಧಿ, ಬಂಧನಕ್ಕೊಳಗಾದವರಿಗೆ ತಾವು ಆರಿಸಿದ ವಕೀಲರ ಸಲಹೆ ಪಡೆಯುವ, ಅವರಿಂದ ವಾದ ಮಾಡಿಸುವ ಹಕ್ಕು ಕೊಟ್ಟಿತು. ಸಲಹೆ, ವಾದ ಎರಡನ್ನೂ ಅದು ಹೆಸರಿಸಿದೆ. 1976ರಲ್ಲಿ ಸೇರಿದ 39ಎ ವಿಧಿ ಉಚಿತ ಕಾನೂನು ನೆರವಿನ ಮಾತಾಡಿತು. 1987ರಲ್ಲಿ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಾಗಿ, 1995ರ ನವೆಂಬರ್ 9ರಿಂದ ಜಾರಿಗೆ ಬಂತು. ಅದರ 12ನೇ ಕಲಮಿನ ಪ್ರಕಾರ ಹೆಂಗಸರಿಗೂ ಮಕ್ಕಳಿಗೂ ಉಚಿತ ನೆರವು ಪಡೆಯಲು ಆದಾಯದ ಮಿತಿಯೇ ಇಲ್ಲ. ನೆರವು ಎಂದರೆ ಕೇಸು ನಡೆಸುವುದಷ್ಟೇ ಅಲ್ಲ, ಕಾನೂನಿನ ವಿಷಯದಲ್ಲಿ ಸಲಹೆ ಕೊಡುವುದೂ ಹೌದೆಂದು ಕಾಯ್ದೆಯೇ ಬಿಡಿಸಿ ಹೇಳಿದೆ. ಕೌನ್ಸೆಲ್ ಎಂಬ ಪದದ ಎರಡೂ ಅರ್ಥ ಇಲ್ಲಿ ಒಂದೇ ಸೂರಿನಡಿ ಬಂದಿವೆ.

ಇದನ್ನೆಲ್ಲ ಏಕೆ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆಂದರೆ, ನಮ್ಮ ಹೆಣ್ಣುಮಕ್ಕಳಿಗೆ ಮೊದಲ ಅರ್ಥದ ಕೌನ್ಸೆಲ್ ಬೇಕಾದಷ್ಟು ಸಿಗುತ್ತದೆ, ಎರಡನೆಯದು ಸಿಗುವುದಿಲ್ಲ. ನನ್ನ ದೊಡ್ಡಮ್ಮನ ಮಗಳೊಬ್ಬಳಿದ್ದಾಳೆ. 1988ರಲ್ಲಿ ಮದುವೆಯಾದವಳು. ಕೆಲವು ವರ್ಷದ ಹಿಂದೆ ತವರಿನ ಹೊಲದ ಭಾಗವಾಗುವಾಗ ಅಣ್ಣಂದಿರು ಹಕ್ಕು ಬಿಡುಗಡೆ ಪತ್ರ ತಂದು ಮುಂದಿಟ್ಟರು. ಸುತ್ತ ಕೂತ ಹಿರಿಯರೆಲ್ಲ ಸಲಹೆ ಕೊಡುವವರೇ. “ಸಹಿ ಹಾಕವ್ವ, ಅರಿಶಿನ ಕುಂಕುಮಕ್ಕೆ ಕರೆಯೋ ಮನೆ ಉಳಿಸ್ಕೊ. ತವರು ದೊಡ್ಡದೋ, ಹೊಲ ದೊಡ್ಡದೋ?” ಎಂದರು ಸೋದರಮಾವ. ಅವರು ಕೆಟ್ಟವರಲ್ಲ. ಆ ಮಾತಿನಲ್ಲಿ ಪ್ರೀತಿಯೂ ಇತ್ತು. ಆದರೆ ಅಲ್ಲಿ ಕೂತವರಲ್ಲಿ ಒಬ್ಬರಾದರೂ ಅವಳ ಪರವಾಗಿ ಕೂತಿರಲಿಲ್ಲ.

“ಓದಿ ನೋಡಿ ಹಾಕ್ತೀನಿ ಮಾವ” ಎಂದು ಪತ್ರವನ್ನು ಮಡಚಿಕೊಂಡು ಅಕ್ಕ ನನ್ನ ಮನೆಗೆ ಬಂದಳು. ಇಬ್ಬರೂ ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋದೆವು. ಅಲ್ಲಿ ಸಿಕ್ಕ ವಕೀಲರು ವಯಸ್ಸಿನಲ್ಲಿ ನಮಗಿಂತ ಚಿಕ್ಕ ಹೆಣ್ಣುಮಗಳು. ‘ಕೇಸು ಹಾಕಿ’ ಎಂದು ಮೊದಲೇ ಹೇಳಲಿಲ್ಲ. ನಮ್ಮ ರಾಜ್ಯದ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಗೆ ಬಂದಾಗ, ಅದಕ್ಕೆ ಮೊದಲೇ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಭೇದ ತೆಗೆಯಿತು. ಪಿತ್ರಾರ್ಜಿತದಲ್ಲಿ ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, ಆ ದಿನ ತಂದೆ ಬದುಕಿರಬೇಕೆಂಬ ನಿಯಮವಿಲ್ಲ ಎಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ವಿಭಾಗ ಪತ್ರವೋ ಕೋರ್ಟಿನ ಡಿಕ್ರಿಯೋ ಇದ್ದರೆ ಮಾತ್ರ ಬೇರೆ ಮಾತು ಎಂದು ಪಾಠ ಹೇಳುವಂತೆ ಹೇಳಿದರು. ಕೊನೆಗೆ, “ಅಕ್ಕಾ, ಬಿಟ್ಟುಕೊಡೋದೂ ನಿಮ್ಮ ಹಕ್ಕೇ. ಆದ್ರೆ ಏನು ಬಿಡ್ತಿದೀನಿ ಅಂತ ತಿಳ್ಕೊಂಡು ಬಿಡಿ” ಎಂದರು. ನಾವು ಅಲ್ಲಿ ಆಡಿದ್ದನ್ನು ಅವರು ಹೊರಗೆ ಬಿಡುವ ಹಾಗಿಲ್ಲ. ಕಕ್ಷಿದಾರರ ಗುಟ್ಟು ಕಾಯುವ ಆ ನಿಯಮ 1872ರ ಸಾಕ್ಷ್ಯ ಕಾಯ್ದೆಯಲ್ಲಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಉಳಿದಿದೆ. ಪದದ ಮೂರನೆಯ ಅರ್ಥವೂ ಹೀಗೆ ಕೂಡಿಬಂತು.

ಅಕ್ಕ ಸಹಿ ಹಾಕಲಿಲ್ಲ. ಕೇಸನ್ನೂ ಹಾಕಲಿಲ್ಲ. ಎರಡು ಸಲ ಕೂತು ಮಾತಾಡಿದ ಮೇಲೆ ಒಂದೂವರೆ ಎಕರೆ ಅವಳ ಹೆಸರಿಗಾಯಿತು. ಚಿಕ್ಕಣ್ಣ ಈಗಲೂ ಬಂದು ಹೋಗಿ ಮಾಡುತ್ತಾನೆ. ದೊಡ್ಡಣ್ಣ ಎರಡು ಗೌರಿ ಹಬ್ಬಕ್ಕೆ ಬಾಗಿನ ಕಳಿಸಿಲ್ಲ. ಆ ನೋವು ಅವಳಿಗಿದೆ. ಇಲ್ಲವೆಂದು ನಾನು ಬರೆದರೆ ಸುಳ್ಳಾಗುತ್ತದೆ. ಆದರೂ ಆ ಹೊಲದಲ್ಲಿ ಈ ಸಲ ಬಿತ್ತಿದ ಶೇಂಗಾ ಬಗ್ಗೆ ಹೇಳುವಾಗ ಅವಳ ದನಿಯೇ ಬೇರೆ.

ತಾಯಿ ತಂದೆಯರ ಮಾತು ಕೇಳು, ನೆಂಟರೊಡನೆ ತಕ್ಕಂತೆ ನಡೆ ಎಂದ ಅಕ್ಷರಗುಂಡೇ ಸತ್ಯ ನುಡಿ ಎಂದೂ ಹೇಳಿದೆ, ಸಣ್ಣವರಿಗೂ ಸಿಗುತ್ತದೆ ಎಂದೂ ಹೇಳಿದೆ. ನಮ್ಮ ಹಿರಿಯರು ಹೆಣ್ಣುಮಕ್ಕಳಿಗೆ ಮೊದಲಿನ ಎರಡನ್ನು ಮಾತ್ರ ಓದಿ ಹೇಳುತ್ತಾರೆ. ನೀವು ಯಾವ ಕಾಗದಕ್ಕಾದರೂ ಸಹಿ ಹಾಕುವ ಮೊದಲು, ಸುತ್ತ ಕೂತವರಲ್ಲಿ ನನ್ನ ಪರವಾಗಿ ಕೂತವರು ಯಾರು ಎಂದು ಒಮ್ಮೆ ಎಣಿಸಿ ನೋಡಿ. ಯಾರೂ ಇಲ್ಲದಿದ್ದರೆ ತಾಲ್ಲೂಕು ಕೋರ್ಟಿನ ಆ ಸಮಿತಿಯ ಬಾಗಿಲು ತಟ್ಟಿ. ಹೋಗಲಾಗದವರು 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಕೌನ್ಸೆಲ್ ಎಂಬ ಪದದ ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ.