ಗೇಮ್ ಕೀ: ಬೀಗದ ಕೈ ಬಂದ ದಾರಿ

1998ರ ಸ್ಟಾರ್‌ಕ್ರಾಫ್ಟ್ ಗೇಮಿಗೆ 13 ಅಂಕಿಯ ಕೀ ಇತ್ತು. ಮೊದಲ 12 ಅಂಕಿಗಳ ಲೆಕ್ಕ ಕೊನೆಯದಕ್ಕೆ ತಾಳೆಯಾದರೆ ಸಾಕು, ಇನ್‌ಸ್ಟಾಲ್ ಆಗಿಬಿಡುತ್ತಿತ್ತು. ಹದಿಮೂರೂ ಸಲ 3 ಒತ್ತಿದರೂ ಒಪ್ಪುತ್ತಿತ್ತು!

2004ರಲ್ಲಿ ಹಾಫ್-ಲೈಫ್ 2 ಬಂತು. ಡಬ್ಬಿ ಕೊಂಡವರೂ ಇಂಟರ್ನೆಟ್ಟಿನಲ್ಲಿ ಸ್ಟೀಮ್‌ಗೆ ಲಾಗಿನ್ ಆಗಿ ಕೀ ಕೊಡಬೇಕು. ಒಂದು ಖಾತೆಗೆ ಸೇರಿದ ಕೀ ಇನ್ನೊಬ್ಬರಿಗೆ ನಡೆಯದು. ಕಳ್ಳ ಕೀಗಳ ಕಾಟ ತಪ್ಪಿತು ಅನ್ನಿಸಿತು.

ತಪ್ಪಿರಲಿಲ್ಲ. ಜನವರಿ 2015ರಲ್ಲಿ ಯೂಬಿಸಾಫ್ಟ್ ಕಂಪನಿ ಕೆಲವರ ಖಾತೆಯಿಂದ ಫಾರ್ ಕ್ರೈ 4 ಗೇಮನ್ನೇ ತೆಗೆದುಹಾಕಿತು. ಅದು ಕೊಟ್ಟ ಕಾರಣ: ಯಾರೋ ಮೋಸದಿಂದ ಪಡೆದ ಕೀಗಳು ಮರುಮಾರಾಟವಾಗಿದ್ದವು. ಗಲಾಟೆಯಾದ ಮೇಲೆ, ಆಗಲೇ ಆಡಲು ಶುರುಮಾಡಿದ್ದವರಿಗೆ ವಾಪಸ್ ಕೊಟ್ಟಿತು.

ನೋಡಿ, ಕೀ ಅಸಲಿ, ಆಕ್ಟಿವೇಟೂ ಆಗಿತ್ತು. ಕೀ ಸರಿಯಿದೆ ಎಂದಷ್ಟೇ ಸರ್ವರ್ ಹೇಳೀತು, ಅದು ಬಂದ ದಾರಿ ಸರಿಯೇ ಎಂದಲ್ಲ. ಅಗ್ಗಕ್ಕೆ ಸಿಕ್ಕಾಗ ಅದನ್ನು ಕೇಳಬೇಕಾದವರು ನಾವೇ.. ಏನಂತೀರಿ?