ಅನುವಾದ ಮಾಡಿಸಿದ್ದಕ್ಕೆ ಒಂದು ತಿಂಗಳ ಜೈಲು: ಪಾದ್ರಿ ಜೇಮ್ಸ್ ಲಾಂಗ್ ಕಥೆ

1861ರ ಜುಲೈ 24ರಂದು ಕಲ್ಕತ್ತೆಯ ಸುಪ್ರೀಂ ಕೋರ್ಟು ಆಂಗ್ಲಿಕನ್ ಪಾದ್ರಿಯೊಬ್ಬರಿಗೆ ಒಂದು ತಿಂಗಳ ಸೆರೆವಾಸ ಮತ್ತು ಸಾವಿರ ರೂಪಾಯಿ ದಂಡ ವಿಧಿಸಿತು. ಪಾದ್ರಿಯ ಹೆಸರು ಜೇಮ್ಸ್ ಲಾಂಗ್. ಅವರು ಆಕ್ಷೇಪಾರ್ಹವಾದದ್ದೇನನ್ನೂ ಸ್ವತಃ ಬರೆದಿರಲಿಲ್ಲ. ಬೇರೆಯವರು ಬಂಗಾಳಿಯಲ್ಲಿ ಬರೆದು, ಇನ್ಯಾರೋ ಇಂಗ್ಲಿಷಿಗೆ ತಂದ ಒಂದು ನಾಟಕಕ್ಕೆ ಮುನ್ನುಡಿ ಬರೆದು ಅಚ್ಚು ಹಾಕಿಸಿದ್ದರು, ಅಷ್ಟೇ. ನಾಟಕಕಾರನ ಮೇಲೆ ಕೇಸು ಬೀಳಲಿಲ್ಲ. ಮೂಲ ನಾಟಕಕ್ಕೂ ತೊಂದರೆಯಾಗಲಿಲ್ಲ. ಜೈಲಿಗೆ ಹೋದದ್ದು ಅನುವಾದವನ್ನು ಹೊರತಂದ ಪಾದ್ರಿ.

ಅನುವಾದವೇ ಕಸುಬಾಗಿರುವ ನನ್ನಂಥವರಿಗೆ ಈ ಪ್ರಕರಣ ಒಂದು ಪ್ರಶ್ನೆಯನ್ನು ಎತ್ತಿಕೊಡುತ್ತದೆ. ಒಂದು ಭಾಷೆಯಲ್ಲಿ ಸುಮ್ಮನೆ ಓಡಾಡಿಕೊಂಡಿದ್ದ ಮಾತು ಇನ್ನೊಂದು ಭಾಷೆಗೆ ಬಂದ ಕೂಡಲೇ ಅಪರಾಧವಾಗುವುದು ಹೇಗೆ? ಉತ್ತರಕ್ಕೆ ಲಾಂಗ್ ಅವರ ಬದುಕನ್ನು ಸ್ವಲ್ಪ ಹಿಂದಿನಿಂದ ನೋಡಬೇಕು.

ಲಾಂಗ್ ಹುಟ್ಟಿದ್ದು 1814ರಲ್ಲಿ, ಐರ್ಲೆಂಡಿನ ಕಾರ್ಕ್ ಕೌಂಟಿಯ ಬ್ಯಾಂಡನ್ ಎಂಬ ಊರಿನಲ್ಲಿ. 1840ರಲ್ಲಿ ಚರ್ಚ್ ಮಿಷನರಿ ಸೊಸೈಟಿಯ ಪರವಾಗಿ ಕಲ್ಕತ್ತೆಗೆ ಬಂದರು. ಮೊದಲು ಶಾಲೆಯಲ್ಲಿ ಪಾಠ ಹೇಳಿದರು, ಆಮೇಲೆ ನಗರದ ದಕ್ಷಿಣಕ್ಕಿದ್ದ ಠಾಕುರ್‌ಪುಕುರ್ ಎಂಬ ಹಳ್ಳಿಯಲ್ಲಿ ನೆಲೆಸಿ ಬಂಗಾಳಿ ಮಾಧ್ಯಮದ ಶಾಲೆ ನಡೆಸಿದರು. ಸರ್ಕಾರವೂ ಅನೇಕ ಮಿಷನರಿಗಳೂ ಇಂಗ್ಲಿಷ್ ಶಿಕ್ಷಣದ ಬೆನ್ನು ಹತ್ತಿದ್ದ ಕಾಲ ಅದು. ಲಾಂಗ್ ಮಾತ್ರ ಜನರ ಮನಸ್ಸು ಜನರ ಭಾಷೆಯಲ್ಲೇ ಸಿಗುತ್ತದೆ ಎಂದು ನಂಬಿದವರು. ಕಿಟೆಲ್, ಮೋಗ್ಲಿಂಗರನ್ನು ಬಲ್ಲ ಕನ್ನಡದ ಓದುಗರಿಗೆ ಈ ಜಾತಿಯ ಪಾದ್ರಿ ಹೊಸಬರೇನಲ್ಲ. ಒಂದೇ ವ್ಯತ್ಯಾಸ: ಅವರಿಬ್ಬರ ಕೈ ಹಳಗನ್ನಡ ಕಾವ್ಯ ಮತ್ತು ನಿಘಂಟಿನತ್ತ ಹೋಯಿತು; ಲಾಂಗ್ ಅವರ ಕೈ ಬೀದಿಯಲ್ಲಿ ಮಾರುವ ಅಗ್ಗದ ಪುಸ್ತಕಗಳತ್ತ ಹೋಯಿತು.

ಉತ್ತರ ಕಲ್ಕತ್ತೆಯ ಬಟ್‌ತಲಾ ಎಂಬಲ್ಲಿನ ಸಣ್ಣಪುಟ್ಟ ಮುದ್ರಣಾಲಯಗಳು ಪಂಚಾಂಗ, ಪುರಾಣ, ಪ್ರಹಸನ, ಶೃಂಗಾರದ ಕಥೆ ಎಲ್ಲವನ್ನೂ ಅಚ್ಚು ಹಾಕುತ್ತಿದ್ದವು. ಓದಿದವರು ಮೂಗು ಮುರಿಯುತ್ತಿದ್ದ ಈ ಸರಕನ್ನು ಲಾಂಗ್ ಕೂಡಿಹಾಕಿ, ಪಟ್ಟಿ ಮಾಡಿ, 1855ರಲ್ಲಿ ಅರವತ್ತು ವರ್ಷಗಳ ಅವಧಿಯ ಸುಮಾರು 1400 ಬಂಗಾಳಿ ಪುಸ್ತಕಗಳ ವಿವರಣಾತ್ಮಕ ಸೂಚಿಯನ್ನು ಪ್ರಕಟಿಸಿದರು. 1857ರ ಒಂದೇ ವರ್ಷದಲ್ಲಿ ಕಲ್ಕತ್ತೆಯಲ್ಲಿ ಮಾರಾಟಕ್ಕಾಗಿ ಅಚ್ಚಾದ ಬಂಗಾಳಿ ಪುಸ್ತಕಗಳ ಪ್ರತಿಗಳು ಐದು ಲಕ್ಷಕ್ಕೂ ಹೆಚ್ಚು ಎಂದು ಲೆಕ್ಕ ಹಾಕಿದರು. ಒಬ್ಬ ಗಟ್ಟಿಯಾಗಿ ಓದಿದರೆ ಸುತ್ತ ಹತ್ತು ಜನ ಕೇಳುತ್ತಾರೆ ಎಂಬುದನ್ನೂ ಅವರು ಗಮನಿಸಿದ್ದರು. 1857ರ ದಂಗೆಯಿಂದ ಲಾಂಗ್ ಕಲಿತ ಪಾಠವೂ ಇದೇ ದಿಕ್ಕಿನದು. ಆಳುವವರು ದೇಶಭಾಷೆಗಳಲ್ಲಿ ಬರುವುದನ್ನು ಓದಿಕೊಂಡಿದ್ದರೆ ಅಷ್ಟು ಕಿವುಡಾಗಿ ಇರುತ್ತಿರಲಿಲ್ಲ ಎಂಬುದು ಅವರ ವಾದ.

ಇನ್ನು ನೀಲಿಯ ವಿಷಯ. ಯುರೋಪಿನ ಬಟ್ಟೆಗಳಿಗೆ ಬಣ್ಣ ಕಟ್ಟುವ ನೀಲಿಯನ್ನು ಬಂಗಾಳದ ರೈತ ಸ್ವಂತ ಇಚ್ಛೆಯಿಂದ ಬೆಳೆಯುತ್ತಿರಲಿಲ್ಲ. ಬಿಳಿಯ ಪ್ಲಾಂಟರು ‘ದಾದನ್’ ಎಂಬ ಮುಂಗಡ ಕೊಟ್ಟು ಕರಾರಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ. ಭತ್ತ ಬೆಳೆಯಬಹುದಾದ ಒಳ್ಳೆಯ ನೆಲದಲ್ಲೇ ನೀಲಿ ಬಿತ್ತಬೇಕು. ಬೆಲೆ ಪ್ಲಾಂಟರು ಹೇಳಿದಷ್ಟು, ಅಳತೆಯೂ ಅವನದೇ. ಮುಂಗಡ ಎಂದೂ ತೀರುತ್ತಿರಲಿಲ್ಲ. ಅಪ್ಪನ ಸಾಲ ಮಗನ ತಲೆಗೆ ಬರುತ್ತಿತ್ತು. ಒಲ್ಲೆ ಎಂದವನಿಗೆ ಲಠಿಯಾಳುಗಳ ಏಟು ಅಥವಾ ಕಾರ್ಖಾನೆಯ ಗೋದಾಮಿನಲ್ಲಿ ಸೆರೆ. 1859ರಲ್ಲಿ ನದಿಯಾ, ಜೆಸ್ಸೋರ್ ಕಡೆಯ ರೈತರು ಇನ್ನು ನೀಲಿ ಬಿತ್ತುವುದಿಲ್ಲ ಎಂದು ಎದ್ದುನಿಂತರು. 1860ರಲ್ಲಿ ಸರ್ಕಾರ ನೀಲಿ ಆಯೋಗವನ್ನು ನೇಮಿಸಿತು. ಅದರ ಮುಂದೆ ಸಾಕ್ಷಿ ಹೇಳಿದವರಲ್ಲಿ ಲಾಂಗ್ ಕೂಡ ಒಬ್ಬರು. ಪಾದ್ರಿಗಳಿಗೆ ಇದರಲ್ಲಿ ತಮ್ಮದೇ ಕಾಳಜಿಯೂ ಇತ್ತು. ಪ್ಲಾಂಟರಿನ ಬಣ್ಣದವನೇ ಬಂದು ಕರುಣೆಯ ಬೋಧನೆ ಮಾಡಿದರೆ ಯಾವ ರೈತ ಕೇಳುತ್ತಾನೆ?

ಅದೇ 1860ರಲ್ಲಿ ಢಾಕಾದಲ್ಲಿ ‘ನೀಲ್ ದರ್ಪಣ್’ ಎಂಬ ನಾಟಕ ಅಚ್ಚಾಯಿತು. ಬರೆದವರ ಹೆಸರು ಅದರ ಮೇಲೆ ಇರಲಿಲ್ಲ. ಬರೆದವರು ದೀನಬಂಧು ಮಿತ್ರ, ಅಂಚೆ ಇಲಾಖೆಯ ನೌಕರರು, ಹಿಂದೆ ಲಾಂಗ್ ಅವರ ಶಾಲೆಯಲ್ಲೇ ಓದಿದವರು. ಊರೂರು ತಿರುಗುವ ಕೆಲಸದಲ್ಲಿ ಕಂಡದ್ದನ್ನು ಅವರು ಗೋಲಕ ಬಸು ಎಂಬ ಗೃಹಸ್ಥನ ಮನೆಯ ಕಥೆಯಾಗಿಸಿದ್ದರು. ಸುಳ್ಳು ಮೊಕದ್ದಮೆಯಲ್ಲಿ ಜೈಲು ಸೇರಿದ ಗೋಲಕ ಬಸು ಅಲ್ಲೇ ನೇಣು ಹಾಕಿಕೊಳ್ಳುತ್ತಾನೆ, ಪ್ಲಾಂಟರನ್ನು ಎದುರಿಸಿದ ಮಗ ನಬೀನ್ ಮಾಧವ ಏಟು ತಿಂದು ಸಾಯುತ್ತಾನೆ, ಬಸುರಿ ಕ್ಷೇತ್ರಮಣಿಯ ಮೇಲೆ ಪ್ಲಾಂಟರು ಕೈ ಹಾಕುತ್ತಾನೆ. ತೋರಾಪ್ ಎಂಬ ಮುಸಲ್ಮಾನ ರೈತನ ಹಳ್ಳಿಯ ಬಂಗಾಳಿ ನಾಟಕದ ಜೀವ.

ಲಾಂಗ್ ಈ ಪುಸ್ತಕವನ್ನು ಬಂಗಾಳ ಸರ್ಕಾರದ ಕಾರ್ಯದರ್ಶಿ ಸೀಟನ್-ಕಾರ್ ಅವರ ಗಮನಕ್ಕೆ ತಂದರು. ಇವರೇ ನೀಲಿ ಆಯೋಗದ ಅಧ್ಯಕ್ಷರಾಗಿದ್ದವರು. ಲೆಫ್ಟಿನೆಂಟ್ ಗವರ್ನರ್ ಜಾನ್ ಪೀಟರ್ ಗ್ರಾಂಟ್ ಇಂಗ್ಲಿಷಿನಲ್ಲಿ ನೋಡಬಯಸಿದರು. ಅನುವಾದ ತಯಾರಾಗಿ 500 ಪ್ರತಿ ಅಚ್ಚಾದವು. ಅವುಗಳಲ್ಲಿ 202 ಪ್ರತಿಗಳು ಗ್ರಾಂಟ್ ಅವರಿಗೆ ತಿಳಿಯದಂತೆ ಸರ್ಕಾರಿ ಮೊಹರಿನ ಲಕೋಟೆಗಳಲ್ಲಿ ಹಂಚಿಕೆಯಾದವು. ಪ್ಲಾಂಟರುಗಳು ಕೆರಳಿದರು. ನಮ್ಮನ್ನು ಬಯ್ಯುವ ನಾಟಕಕ್ಕೆ ಸರ್ಕಾರವೇ ಅಂಚೆವೆಚ್ಚ ಕೊಟ್ಟಿತೆ?

ಭೂಮಾಲೀಕರ ಮತ್ತು ವರ್ತಕರ ಸಂಘ ಮೊದಲು ಮುದ್ರಕ ಮ್ಯಾನುಯೆಲ್ ಮೇಲೆ ಕೇಸು ಹಾಕಿತು. ಅವರು ತಪ್ಪೊಪ್ಪಿ, ಲಾಂಗ್ ಹೆಸರು ಹೇಳಿ, ಹತ್ತು ರೂಪಾಯಿ ದಂಡ ಕಟ್ಟಿ ಹೊರಬಂದರು. ಜುಲೈ 19ರಂದು ಲಾಂಗ್ ವಿಚಾರಣೆ ಶುರುವಾಯಿತು. ಆರೋಪ ಎರಡು: ಸಾವಿರ ರೂಪಾಯಿಗೆ ಮಾರಿಕೊಂಡರು ಎಂದು ನಾಟಕಕಾರರ ಪ್ರಸ್ತಾವನೆ ಎರಡು ಇಂಗ್ಲಿಷ್ ಪತ್ರಿಕೆಗಳನ್ನು ಹೀಯಾಳಿಸಿದ್ದು; ನಾಟಕ ಪ್ಲಾಂಟರುಗಳ ಮಾನ ಕಳೆದದ್ದು. ನ್ಯಾಯಾಧೀಶ ಮೊರ್ಡಾಂಟ್ ವೆಲ್ಸ್ ಜ್ಯೂರಿಗೆ ಹೇಳಿದ ಮಾತುಗಳು ಪ್ಲಾಂಟರುಗಳ ವಕೀಲರ ಮಾತಿನಂತೆಯೇ ಇದ್ದವು ಎಂಬ ಟೀಕೆ ಆಗಲೇ ಬಂದಿತ್ತು. ಜ್ಯೂರಿ ತಪ್ಪಿತಸ್ಥ ಎಂದಿತು.

ಶಿಕ್ಷೆಗೆ ಮುನ್ನ ಕೋರ್ಟಿನ ಮುಂದೆ ಲಾಂಗ್ ಹೇಳಿಕೆ ಓದಿದರು. ದೇಶೀಯರ ಮನಸ್ಸಿನಲ್ಲಿ ಏನಿದೆ ಎಂದು ಯುರೋಪಿಯನ್ನರಿಗೆ ತಿಳಿಸುವುದು ತನ್ನ ಬಹುವರ್ಷಗಳ ಕೆಲಸ, ಇದೂ ಅದರ ಭಾಗ ಎಂಬುದು ಅದರ ತಿರುಳು. ಆದರೆ ಕೋರ್ಟಿಗೆ ತೊಡಕಾದದ್ದು ನಿಖರವಾಗಿ ಅದೇ. ಬಂಗಾಳಿಯಲ್ಲಿದ್ದಾಗ ನಾಟಕವನ್ನು ಓದುತ್ತಿದ್ದವರು ನೊಂದವರು ಮತ್ತು ಅವರ ನೆರೆಯವರು. ಇಂಗ್ಲಿಷಿಗೆ ಬಂದಾಗ ಓದಿದವರು ನೋಯಿಸಿದವರು ಮತ್ತು ಅವರನ್ನು ಪ್ರಶ್ನಿಸಬಲ್ಲ ಮೇಲಧಿಕಾರಿಗಳು. ಬದಲಾದದ್ದು ಓದುಗ. ಭಾಷಾಂತರದಲ್ಲಿ ಏನು ಕಳೆದುಹೋಗುತ್ತದೆ ಎಂದು ನಾವು ಬಹಳ ಮಾತಾಡುತ್ತೇವೆ. ಈ ಅನುವಾದದಲ್ಲೂ ತೋರಾಪನ ಹಳ್ಳಿಯ ಸೊಲ್ಲು ಸಪ್ಪೆ ಇಂಗ್ಲಿಷಾಗಿ ಕಳೆದುಹೋಗಿದೆ. ಆದರೂ ಅದು ತಲುಪಬೇಕಾದ ಕಡೆ ತಲುಪಿತು, ಅದಕ್ಕೇ ಶಿಕ್ಷೆಯಾಯಿತು.

ದಂಡದ ಸಾವಿರ ರೂಪಾಯಿಯನ್ನು ಕಾಲೀಪ್ರಸನ್ನ ಸಿಂಹ ಕೂಡಲೇ ಕಟ್ಟಿದರು. ಇಪ್ಪತ್ತರ ಆಸುಪಾಸಿನ ಈ ಶ್ರೀಮಂತ ಯುವಕ ಆಗ ಪಂಡಿತರನ್ನು ಕೂಡಿಸಿಕೊಂಡು ಮಹಾಭಾರತವನ್ನು ಬಂಗಾಳಿ ಗದ್ಯಕ್ಕೆ ತರುತ್ತಿದ್ದರು. ಅದನ್ನು ಪುಕ್ಕಟೆಯಾಗಿ ಹಂಚಿದರು ಕೂಡ. ರೈತರ ಪರ ಬರೆದ ‘ಹಿಂದೂ ಪೇಟ್ರಿಯಟ್’ ಸಂಪಾದಕ ಹರೀಶ್ಚಂದ್ರ ಮುಖರ್ಜಿ ಜೂನ್ ತಿಂಗಳಲ್ಲಷ್ಟೇ ತೀರಿಕೊಂಡಿದ್ದರು. ಆ ಸಾವನ್ನೂ ಲಾಂಗ್ ಸೆರೆಯನ್ನೂ ಜೊತೆಗೂಡಿಸಿದ ಹಾಡೊಂದು ಬಂಗಾಳದ ಬಾಯಲ್ಲಿ ಬಹುಕಾಲ ಉಳಿಯಿತು. ಸೀಟನ್-ಕಾರ್ ಕಾರ್ಯದರ್ಶಿ ಹುದ್ದೆ ಬಿಡಬೇಕಾಯಿತು, ಆದರೆ ಮುಂದೆ ಹೈಕೋರ್ಟಿನ ನ್ಯಾಯಾಧೀಶರಾದರು.

ಅನುವಾದಕ ಯಾರು? ಪುಸ್ತಕದ ಮೇಲಿದ್ದದ್ದು ‘ಒಬ್ಬ ದೇಶೀಯನಿಂದ’ ಎಂದಷ್ಟೇ. ಲಾಂಗ್ ಆ ಹೆಸರನ್ನು ಹೊರಹಾಕಲಿಲ್ಲ. ಕವಿ ಮೈಕೇಲ್ ಮಧುಸೂದನ ದತ್ತರೇ ಅನುವಾದಿಸಿದ್ದು ಎಂದು ಮುಂದೆ ಬಂಕಿಮಚಂದ್ರರು ಬರೆದರು. ಆ ಮಾತೇ ಬೇರೂರಿತು. ಅಷ್ಟು ಪೇಲವ ಇಂಗ್ಲಿಷು ಮೈಕೇಲರದಾಗಿರಲಾರದು ಎಂದು ಅನುಮಾನಿಸುವ ವಿದ್ವಾಂಸರೂ ಇದ್ದಾರೆ. ಯಾರೇ ಆಗಿರಲಿ, ಅಂದು ಹೆಸರು ಹೊರಬಿದ್ದಿದ್ದರೆ ಕರಿಯ ಚರ್ಮದ ಆ ಅನುವಾದಕನಿಗೆ ಒಂದು ತಿಂಗಳ ಸೆರೆಯಲ್ಲಿ ಮುಗಿಯುತ್ತಿರಲಿಲ್ಲ.

ಹಾಗೆಂದು ಲಾಂಗ್ ಅವರನ್ನು ಹುತಾತ್ಮರ ಪೀಠಕ್ಕೆ ಏರಿಸುವುದು ಬೇಡ. ಅವರು ಸಾಮ್ರಾಜ್ಯದ ವಿರೋಧಿಯಲ್ಲ. ದೊರೆಗಳಿಗೆ ಸತ್ಯ ಗೊತ್ತಾದರೆ ನ್ಯಾಯ ಮಾಡುತ್ತಾರೆ ಎಂದು ನಂಬಿದ್ದವರು. ನಾಟಕಕ್ಕೂ ಅದೇ ನಂಬಿಕೆಯ ಮಿತಿಯಿದೆ ಎಂದು ಇತಿಹಾಸಕಾರ ರಣಜಿತ್ ಗುಹಾ 1974ರಲ್ಲಿ ಒಂದು ಖ್ಯಾತ ಪ್ರಬಂಧದಲ್ಲಿ ತೋರಿಸಿದರು: ಅಲ್ಲಿನ ರೈತ ಎದ್ದುನಿಂತ ರೈತನಲ್ಲ, ಕಾನೂನಿನ ದಯೆಗೆ ಕಾಯುವ ಭದ್ರಲೋಕದ ಕಲ್ಪನೆಯ ರೈತ. ಲಾಂಗ್ ಮಾಡಿದ ಪುಸ್ತಕಪಟ್ಟಿಗಳ ಗತಿಯೂ ಹೀಗೇ. 1867ರಲ್ಲಿ ಬಂದ ಕಾಯ್ದೆ ಬ್ರಿಟಿಷ್ ಭಾರತದಲ್ಲಿ ಅಚ್ಚಾಗುವ ಪ್ರತಿ ಪುಸ್ತಕವೂ ಸರ್ಕಾರದಲ್ಲಿ ನೋಂದಣಿಯಾಗಬೇಕು ಎಂದಿತು. ಅದರಿಂದ ಮೂರು ತಿಂಗಳಿಗೊಮ್ಮೆ ಪಟ್ಟಿಗಳು ಹೊರಟವು. ಮುಂಬಯಿ ಪ್ರಾಂತ್ಯದ ಧಾರವಾಡ, ಮದ್ರಾಸ್ ಪ್ರಾಂತ್ಯದ ಮಂಗಳೂರಿನಲ್ಲಿ ಅಚ್ಚಾದ ಕನ್ನಡ ಪುಸ್ತಕಗಳೂ ಈ ಕಾಯ್ದೆಯೊಳಗೆ ಬಂದವು. ಇಂದು ಸಂಶೋಧಕರಿಗೆ ಆ ಪಟ್ಟಿಗಳು ನಿಧಿ. ಅಂದು ಅವು ಕಣ್ಗಾವಲಿನ ಸಾಧನವೂ ಆಗಿದ್ದವು. ಜನರ ಮಾತನ್ನು ಕೇಳಿಸಿಕೊಳ್ಳಿ ಎಂದು ಪಾದ್ರಿ ಹೇಳಿದ್ದನ್ನು ಸರ್ಕಾರ ತನಗೆ ಬೇಕಾದಂತೆ ಪಾಲಿಸಿತು.

ಬಿಡುಗಡೆಯ ನಂತರ ಲಾಂಗ್ ರಷ್ಯಾಕ್ಕೆ ಹೋಗಿ ಜೀತ ವಿಮೋಚನೆ ಹೇಗೆ ನಡೆಯಿತೆಂದು ನೋಡಿ ಬಂದರು. ಮತ್ತೆ ಕಲ್ಕತ್ತೆಗೆ ಮರಳಿದರು. 1867ರಲ್ಲಿ ಹೆಂಡತಿ ಎಮಿಲಿ ಊರಿಗೆ ಹೊರಟ ಹಡಗಿನಲ್ಲೇ ತೀರಿಕೊಂಡರು. ಆಮೇಲೆ ಅವರು ಹೆಂಡತಿಯನ್ನು ಕಳೆದುಕೊಂಡಿದ್ದ ಗೆಳೆಯ, ಬಂಗಾಳಿ ಪಾದ್ರಿ ಕೃಷ್ಣಮೋಹನ ಬ್ಯಾನರ್ಜಿ ಜೊತೆ ಒಂದೇ ಮನೆಯಲ್ಲಿದ್ದರು. ಇಂಗ್ಲಿಷರೂ ಬಂಗಾಳಿಗಳೂ ಅಲ್ಲಿ ಸಂಜೆ ಒಟ್ಟಿಗೆ ಕೂತು ಮಾತಾಡುತ್ತಿದ್ದರು. 1872ರಲ್ಲಿ ಲಾಂಗ್ ಭಾರತವನ್ನು ಶಾಶ್ವತವಾಗಿ ಬಿಟ್ಟರು. ಅದೇ ಡಿಸೆಂಬರಿನಲ್ಲಿ ಕಲ್ಕತ್ತೆಯ ನ್ಯಾಷನಲ್ ಥಿಯೇಟರ್ ಟಿಕೆಟ್ ಇಟ್ಟು ಆಡಿದ ಮೊದಲ ನಾಟಕ ‘ನೀಲ್ ದರ್ಪಣ್’. ನಾಲ್ಕೇ ವರ್ಷದಲ್ಲಿ, 1876ರಲ್ಲಿ, ನಾಟಕಗಳನ್ನು ಹದ್ದಿನಲ್ಲಿಡಲು ಸರ್ಕಾರ ಕಾಯ್ದೆಯನ್ನೇ ತಂದಿತು.

ಕೊನೆಯ ವರ್ಷಗಳನ್ನು ಲಾಂಗ್ ಗಾದೆಗಳ ನಡುವೆ ಕಳೆದರು. ಬಂಗಾಳಿ ಗಾದೆಗಳನ್ನು ಮೊದಲೇ ಸಂಗ್ರಹಿಸಿದ್ದರು. 1881ರಲ್ಲಿ ಪೂರ್ವದೇಶಗಳ ಗಾದೆಗಳ ಪುಸ್ತಕ ಹೊರತಂದರು. 1887ರ ಮಾರ್ಚ್ 23ರಂದು ಲಂಡನ್ನಿನಲ್ಲಿ ಸತ್ತರು. ಕಲ್ಕತ್ತೆಯ ದಕ್ಷಿಣದಲ್ಲಿ, ಅವರ ಶಾಲೆಯಿದ್ದ ಠಾಕುರ್‌ಪುಕುರ್ ಕಡೆ, ಇವತ್ತಿಗೂ ಜೇಮ್ಸ್ ಲಾಂಗ್ ಸರಣಿ ಎಂಬ ದೊಡ್ಡ ರಸ್ತೆಯಿದೆ. ಬಂಗಾಳದ ಎಷ್ಟೋ ಬಿಳಿಯರ ಹೆಸರು ರಸ್ತೆಗಳಿಂದ ಅಳಿಸಿಹೋದರೂ ಈ ಹೆಸರು ಉಳಿದಿದೆ. ಆ ‘ಒಬ್ಬ ದೇಶೀಯ’ ಮಾತ್ರ ಇನ್ನೂ ಹೆಸರಿಲ್ಲದೆಯೇ ಇದ್ದಾನೆ.